ಆಚೆ ದಂಡೆಯ ಓ

ಹೊಳೆ ದಂಡೆಯ ಆ ಮಠದಲ್ಲಿ ಬೆಳಗಾದರೂ ಬೆಳಗಾದಂತೆ ಕಾಣುವುದಿಲ್ಲ. ಮಾಗಿಯ ಮಂಜು ನೀರಿನ ಮೇಲೆ ಮಲಗಿಯೇ ಇರುತ್ತದೆ. ಏಳುವ ಅವಸರ ಅದಕ್ಕೇನೂ ಇಲ್ಲ.

ಅವಸರವೆಲ್ಲ ನಿಜಗುಣನಿಗೆ. ರವಿವಾರ ಬಂತೆಂದರೆ ಮಠದ ಸ್ವಾಮಿಗಳಾದ ಅಜ್ಜನವರ ಕಾಲ ಬಳಿ ಬಂದು ಕೂರುವ ಶಿಷ್ಯ, ಮಿಕ್ಕ ದಿನ ಸಾಫ್ಟ್‌ವೇರ್ ತಂಡವೊಂದರ ಮುಖ್ಯಸ್ಥ. ಆ ತಂಡದ ಅರ್ಧ ಹುಬ್ಬಳ್ಳಿಯಲ್ಲಿ, ಇನ್ನರ್ಧ ಭೂಮಿಯ ಆಚೆ ಬದಿಯ ಚಿಲಿ ದೇಶದಲ್ಲಿ.

"ಯಾಕೋ ತಮ್ಮಾ, ಮಾರಿ ಸಣ್ಣ ಆಗೈತಿ?" ಅಜ್ಜನವರು ಕೇಳಿದರು.

"ಚಿಲಿಯೊಳಗ ಇನೆಸ್ ಅಂತ ಒಬ್ಬಾಕಿ ಅದಾಳ್ರೀ, ಅಲ್ಲಿಯವರಿಗೆ ಹಿರಿಯಾಕಿ. ನಾಳೆ ಆಕೀನ್ನ ಕೆಲಸದಿಂದ ತೆಗೀಬೇಕು."

"ಏನ್ ಮಾಡಿದ್ಲು?"

"ನಾವು ಬರೆದ ಭಾಗಾನೇ ಅವರೂ ಬರೆದು ಕೂತಾರ. ಎರಡೂ ಕೂಡಿಸಿದ್ವಿ, ಇಡೀ ಕೆಲಸ ಕುಸಿದು ಬಿತ್ತು. ಯಾರದು ಯಾವುದು ಅಂತ ನಾ ಮೀಟಿಂಗ್‌ನ್ಯಾಗ ಹಂಚಿ ಹೇಳಿದ್ದೆ. ಆಕಿ ತುಟಿ ಪಿಟಕ್ಕನ್ನಲಿಲ್ಲ. ಒಪ್ಪಿದ್ಲು ಅಂದ್ಕೊಂಡೆ. ಈಗ ನೋಡಿದ್ರ, ಬರೇ ಸೊಕ್ಕು!"

ಪಾಪ, ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ನೋವಾಗಿತ್ತು. ಎರಡು ವರ್ಷ ಜೊತೆಗೆ ದುಡಿದವಳು.

"ಹರಿಗೋಲು ಹತ್ತು," ಅಂದರು ಅಜ್ಜನವರು.

"ಈ ಮಂಜಿನ್ಯಾಗ?"

"ಮುಳುಗಿದ್ರ ಇಬ್ರೂ ಮುಳುಗೂಣು. ಹತ್ತು."

ನಡುಹೊಳೆಗೆ ಬಂದಾಗ ಅಜ್ಜನವರು ಹುಟ್ಟು ಎತ್ತಿಟ್ಟರು. ಬುಟ್ಟಿಯಂಥ ಹರಿಗೋಲು ತನ್ನಷ್ಟಕ್ಕೆ ತಿರುಗತೊಡಗಿತು. ಎತ್ತ ನೋಡಿದರೂ ಬಿಳುಪು. ಈಚೆ ಯಾವುದು, ಆಚೆ ಯಾವುದು ಎಂಬುದೇ ನಿಜಗುಣನಿಗೆ ಮರೆತುಹೋಯಿತು. ಇನ್ನೂ ನಿದ್ದೆಯಲ್ಲೇ ಇದ್ದೇನೇನೋ ಅಂತ ಅನ್ನಿಸಿತು.

ಮಂಜಿನೊಳಗಿಂದ ಒಂದು ಕೂಗು ಬಂತು.

"ದುರುಗಪ್ಪಾ! ಸೊಪ್ಪು ತಾರೋ!"

ಮಠದ ಅಡುಗೆಯ ಗಂಗವ್ವ. ಕಾಯಿಪಲ್ಲೆ ತೋಟ ಆಚೆ ದಂಡೆಗಿದೆ. ತೋಟದ ದುರುಗಪ್ಪನನ್ನು ಆಕೆ ದಿನಾ ಹೀಗೇ ಕೂಗುತ್ತಾಳೆ.

"ಓ... ಯಾವ ಸೊಪ್ಪು ಯವ್ವಾ? ಮೆಂತೆನೋ, ರಾಜಗಿರಿನೋ?" ಆಚೆ ದಂಡೆ ಓಗೊಟ್ಟಿತು.

"ದುರುಗಪ್ಪಾ! ಕಿವಿ ಸತ್ತಾವೇನೋ?"

"ಯಾವ ಸೊಪ್ಪು ಅಂತ ಕೇಳಾಕತ್ತೀನಲ್ಲ ಯವ್ವಾ!"

"ಹಾಳಾದಾಂವ! ಓ ಅನ್ನಾಕೂ ಸೊಕ್ಕು ಇವಗ!"

ಸಣ್ಣ ಗಾಳಿ ಈಚೆಯಿಂದ ಆಚೆಗೆ ಬೀಸುತ್ತಿತ್ತು. ಅವಳ ಕೂಗು ಅವನನ್ನು ಮುಟ್ಟುತ್ತಿತ್ತು. ಅವನ ಓ ಮಾತ್ರ ಹೊಳೆ ದಾಟುತ್ತಿರಲಿಲ್ಲ.

ನಿಜಗುಣ ತಡೆಯಲಾರದೆ ಎದ್ದೇ ನಿಂತ. "ಗಂಗವ್ವಾ, ಅಂವ ಓ ಅನ್ನಾಕತ್ತಾನ! ಆಗಿಂದ ಅನ್ನಾಕತ್ತಾನ!"

"ಕುಂದ್ರೋ ಮಾರಾಯಾ, ನೀರಿಗೆ ಕೆಡವ್ತಿ," ಅಂದರು ಅಜ್ಜನವರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮ ಆ ಚಿಲಿಯಾಕಿ ಎಂದಾರ ಓ ಅಂದಾಳೇನು?"

"ಮೀಟಿಂಗ್‌ನ್ಯಾಗ ಇಲ್ರೀ. ಬರೀತಾಳ. ನಾವು ಮಲಗಿದ ಮ್ಯಾಲೆ."

"ಏನ್ ಬರೀತಾಳ?"

ನಿಜಗುಣ ಹರಿಗೋಲಿನ ಅಂಚು ಹಿಡಿದು ಕೂತ.

"ನಾ ಏಳೂದರಾಗ ಮೆಸೇಜ್ ರಾಶಿ ಬಿದ್ದಿರ್ತಾವ ಅಜ್ಜಾರ. ಮ್ಯಾಲಿನ ನಾಕು ನೋಡಿ, ಉಳಿದದ್ದೆಲ್ಲ ಓದೇನಿ ಅಂತ ಒತ್ತಿಬಿಡ್ತೀನಿ."

"ಮೀಟಿಂಗ್ ಎಷ್ಟೊತ್ತಿಗೆ?"

"ಬೆಳಿಗ್ಗೆ ಹತ್ತಕ್ಕ."

"ಆಗ ಅಲ್ಲಿ?"

ಎರಡು ವರ್ಷದಲ್ಲಿ ಆ ಲೆಕ್ಕವನ್ನು ಅವನು ಹಾಕಿದ್ದು ಅದೇ ಮೊದಲು.

"ನಡುರಾತ್ರಿ ದಾಟಿರ್ತೈತ್ರೀ," ಅಂದ. "ಕಣ್ಣು ಉಜ್ಜಿಕೊಂತ ಕುಂತಿರ್ತಿದ್ಲು ಅಜ್ಜಾರ. ನಾ ಸೊಕ್ಕು ಅಂದೆ."

ಅಜ್ಜನವರು ಹುಟ್ಟು ಹಾಕಿದರು. ದಂಡೆ ಸಿಗುವ ಹೊತ್ತಿಗೆ ಮಂಜು ತೆಳುವಾಗಿತ್ತು, ಹೊತ್ತು ಹತ್ತರ ಮೇಲಾಗಿತ್ತು. ಕಾಲು ನೆಲಕ್ಕಿಡುವ ಮೊದಲೇ ನಿಜಗುಣ ಫೋನ್ ತೆಗೆದ.

"ಯಾರಿಗೋ?"

"ಆಕಿಗೇ ರೀ! ತಪ್ಪಾತು ಅಂತೀನಿ. ನಿನ್ನ ತೆಗೆಯೂದಿಲ್ಲ ಅಂತೀನಿ. ಇಷ್ಟು ದಿನ ಏನೇನ್ ಬರದಿದ್ದಿ, ಹೇಳವ್ವಾ ಅಂತೀನಿ. ಈಗಿಂದೀಗ!"

ಅಜ್ಜನವರು ತಮ್ಮ ಒದ್ದೆ ಕೈಯನ್ನು ಫೋನಿನ ಮೇಲಿಟ್ಟರು.

"ಮಲಗಲಿ ಬಿಡೋ ಆ ಕೂಸು. ಇವತ್ತಿನ ರಾತ್ರಿ ನೀ ಎದ್ದಿರು."