ಮುದ್ದಪ್ಪನ ಮೆಟ್ಟಿಲು

ಹಿಮಾಲಯದ ಒಂದು ಶಿಖರದ ತುದಿಗೆ ಸ್ವಲ್ಪ ಕೆಳಗೆ ಕಡಿದಾದ ಬಂಡೆಯೊಂದಿತ್ತು. ಅದನ್ನು ಮೊದಲು ಹತ್ತಿದವರು ಮೇಜರ್ ಮುದ್ದಪ್ಪ. ಹಾಗಾಗಿ ಅದಕ್ಕೆ ಮುದ್ದಪ್ಪನ ಮೆಟ್ಟಿಲು ಎಂದೇ ಹೆಸರಾಯಿತು. ಆಮೇಲೆ ಬಂದವರೆಲ್ಲ ಅದರ ಮುಂದೆ ಚಳಿಯಲ್ಲಿ ನಡುಗುತ್ತಾ ಸರದಿ ನಿಲ್ಲುತ್ತಿದ್ದರು. ಅವರು ನಿಂತದ್ದು ತನ್ನ ದರ್ಶನಕ್ಕೆಂದು ಬಂಡೆ ನಂಬಿತ್ತು.

ಒಂದು ವರ್ಷ ಭೂಮಿ ಕಂಪಿಸಿ, ಬಂಡೆ ಉರುಳುತ್ತಾ ಬಂದು ಕೆಳಗಿನ ಹುಲ್ಲುಗಾವಲಿನಲ್ಲಿ ಬಿತ್ತು. ಅಲ್ಲಿ ಮೇಯುತ್ತಿದ್ದ ಯಾಕ್ ಎತ್ತೊಂದು ಬಂದು ಅದಕ್ಕೆ ಮೈ ಉಜ್ಜತೊಡಗಿತು.

“ದೂರ ನಿಲ್ಲು. ನಾನು ಮುದ್ದಪ್ಪನ ಮೆಟ್ಟಿಲು,” ಎಂದಿತು ಬಂಡೆ.

“ಅದು ಮೇಲಿದೆಯಲ್ಲ,” ಎಂದಿತು ಎತ್ತು. “ಅದರ ಮೇಲೆ ತೆಗೆದ ಫೋಟೊವನ್ನು ನಿನ್ನೆ ತಾನೇ ಒಬ್ಬರು ತೋರಿಸುತ್ತಿದ್ದರು.”

“ಅಲ್ಲೀಗ ಬರೀ ಹಿಮವಿದೆ.”

“ಇರಬಹುದು. ಹೆಸರು ಮಾತ್ರ ಅಲ್ಲೇ ಇದೆ. ಈಗ ಹತ್ತುವುದು ಸಲೀಸು ಎಂದು ಎಲ್ಲರಿಗೂ ಖುಷಿ.”

“ಮುದ್ದಪ್ಪನವರು ಬರಲಿ. ಅವರಿಗೆ ನನ್ನ ಗುರುತು ಸಿಕ್ಕೇ ಸಿಗುತ್ತದೆ.”

ಮುದ್ದಪ್ಪನವರು ಬಂದರು. ಎಂಬತ್ತು ದಾಟಿತ್ತು, ಮೊಣಕಾಲು ಬಗ್ಗುತ್ತಿರಲಿಲ್ಲ. ಮೊಮ್ಮಗಳ ಭುಜ ಹಿಡಿದು, ಬಹಳ ಕಷ್ಟಪಟ್ಟು ಅದೇ ಬಂಡೆಯ ಮೇಲೆ ಕೂತರು. ಶಿಖರದತ್ತ ಕೈ ತೋರಿಸಿ, “ಅಲ್ಲಿದೆ ನೋಡು ಮಗಳೇ, ನನ್ನ ಮೆಟ್ಟಿಲು. ಅವತ್ತು ಅದರ ಮೇಲೆ ಒಂದು ನಿಮಿಷ ಕೂರಲೂ ಜಾಗವಿರಲಿಲ್ಲ,” ಎಂದರು.

ಬಂಡೆಗೆ ತಡೆಯಲಾಗಲಿಲ್ಲ. “ಎತ್ತಣ್ಣಾ, ಅದು ನಾನೇ ಎಂದು ಅವರಿಗೊಂದು ಮಾತು ಹೇಳು.”

“ಸುಮ್ಮನಿರು,” ಎಂದಿತು ಎತ್ತು. “ಗೊತ್ತಾದರೆ ಎದ್ದು ನಿಂತು ಸಲ್ಯೂಟ್ ಹೊಡೆಯುತ್ತಾರೆ. ಮತ್ತೆ ಅವರನ್ನು ಕೂರಿಸುವವರು ಯಾರು?”