ನಿ ಇಲ್ಲದ ಪೇಟಿ

ಎಲ್ಲಾರೂ ಕೂತ್ರಿ? ಹೂಂ ಅನ್ನಾಕ ಒಬ್ಬರು ಎಚ್ಚರ ಇರ್ರಿ. ಉಳದವರು ಮಲಗಿದ್ರೂ ಅಡ್ಡಿ ಇಲ್ಲ.

ಒಂದು ಆಡು ಇತ್ತು. ಹೆಸರು ಬಾಳವ್ವ. ಬಾಳವ್ವಗ ಒಂದು ಮರಿ. ಮರೀಗೆ ಮಧ್ಯಾಹ್ನ ಜೋಗುಳ ಬೇಕು. ಜೋಗುಳ ಇಲ್ಲಂದ್ರ ನಿದ್ದಿ ಇಲ್ಲ. ನಿದ್ದಿ ಇಲ್ಲಂದ್ರ ಬರೇ ಅಳು. ಬಾಳವ್ವನೇ ಹಾಡಬಹುದಿತ್ತು. ಆದರ ಆಡಿನ ದನಿ ನಿಮಗೆ ಗೊತ್ತೈತಲ್ಲ. ಅದನ್ನ ಕೇಳಿದರ ಮಲಗಿದವರೂ ಎದ್ದು ಕೂಡತಾರ.

ಅದಕ್ಕ ಬಾಳವ್ವ ಒಂದು ಪೇಟಿ ತಗೋಬೇಕು ಅಂದ್ಲು. ಪೇಟಿ ಅಂದ್ರ ಹಾರ್ಮೋನಿಯಂ. ಹೊಸಾದಲ್ಲ, ಯಾರೋ ಬಾರಿಸಿ ಬಿಟ್ಟದ್ದು. ಮೂರು ಬಸ್ಸಿನಾಚೆ ಒಂದು ಊರು. ಆ ಊರಾಗ ಗುರುಪಾದಪ್ಪ. ಗುರುಪಾದಪ್ಪನ ಮನ್ಯಾಗ ಒಂದು ಪೇಟಿ. ಬಾಳವ್ವ ಫೋನ್ ಮಾಡಿದ್ಲು.

ಗುರುಪಾದಪ್ಪ ಭಾಳ ಸತ್ಯವಂತ. ಪೇಟಿ ದೇವರ ಮುಂದ ಮಾತ್ರ ಬಾರಿಸಿದ್ದು ಅಂದ. ಮನಿಮಗಳಂಗ ಸಾಕೇವಿ ಅಂದ. ಮಾರಾಕ ಮನಸೇ ಇಲ್ಲ ಅಂದ. ಮನಸಿಲ್ಲದವ ಅದೇ ದಿನ ಮಾರಿದ. ಫೋನಿನಾಗ ಒಂದು ಭಜನಿ ಬಾರಿಸಿಯೂ ಕೇಳಿಸಿದ. ಭೂಪ ರಾಗದ ಭಜನಿ. ಎಷ್ಟು ಚಂದ ಇತ್ತಂದ್ರ, ಕಣ್ಣೀರಿಗೆ ಬಾಳವ್ವನ ಗಡ್ಡ ಒದ್ದಿ ಆತು. ನೋಡಲಿಲ್ಲ, ಮುಟ್ಟಲಿಲ್ಲ, ಕಳಸ್ರಿ ಅಂದ್ಲು. ಜಾಣಿ ನಮ್ಮ ಬಾಳವ್ವ.

ಪೇಟಿ ಬಸ್ಸಿನ ಮ್ಯಾಲ ಬಂತು. ಬಾಳವ್ವ ಮರೀನ ಪಕ್ಕದಾಗ ಒರಗಿಸಿದ್ಲು. ಜೋಗುಳ ಬಾರಿಸೂಕಿಂತ ಮೊದಲ ಸ್ವರ ನೋಡೂಣು ಅಂದ್ಲು.

ಸ ರಿ ಗ ಮ ಪ ದ... ಪುಸ್.

ಮರಿ ಕಣ್ಣು ಬಿಡ್ತು. ಅಳಾಕ ಹತ್ತಿತು.

ಪೇಟಿಯೊಳಗ ಒಂದೊಂದು ಸ್ವರಕ್ಕ ಒಂದೊಂದು ಹಿತ್ತಾಳಿ ನಾಲಗಿ ಇರತೈತಿ. ಸ ಇತ್ತು. ರಿ ಇತ್ತು. ಗ ಇತ್ತು. ಮ ಇತ್ತು. ಪ ಇತ್ತು. ದ ಇತ್ತು. ನಿ ಇರಲಿಲ್ಲ. ನಿ ಇರೂ ಜಾಗದಾಗ ಬರೇ ಗಾಳಿ.

ಬಾಳವ್ವ ಫೋನ್ ಮಾಡಿದ್ಲು. ಗುರುಪಾದಪ್ಪ ಎತ್ತಲಿಲ್ಲ. ಪೂಜಿಗೆ ಕೂತಿರಬೇಕು, ಪಾಪ. ಮೂರು ದಿನ ಪೂಜಿ. ಮೂರು ದಿನ ಮರಿ ಮಲಗಲಿಲ್ಲ.

ಬಾಳವ್ವ ಹೊಂಟ್ಲು. ಪೇಟಿ ಬೆನ್ನ ಮ್ಯಾಲ, ಮರಿ ಬೆನ್ನ ಹಿಂದ. ಮೂರು ಬಸ್ಸು ಹತ್ತಿದ್ಲು, ಮೂರು ಬಸ್ಸು ಇಳದ್ಲು.

ಗುರುಪಾದಪ್ಪನ ಮನಿ ಸಿಕ್ತು. ಬಾಗಲದ ಸಂದ್ಯಾಗ ಒಂದು ಹಳದಿ ಪಟ್ಟಿ ಮಿಂಚತಿತ್ತು. ಬಾಳವ್ವ ಬಗ್ಗಿ ನೋಡಿದ್ಲು. ಅದೇ ನಿ.

ಗುರುಪಾದಪ್ಪಗ ನಾಚಿಕಿ ಆತೇನು? ಯಾಕ ಆಗಬೇಕು? ಬಾಗಲಾ ಗಾಳಿಗೆ ಬಡಕೋತಿತ್ತಂತ. ಸಂದಿಗೆ ಏನರೆ ಸಿಗಿಸಬೇಕಾಗಿತ್ತಂತ. ಪೇಟ್ಯಾಗ ಅಷ್ಟೊಂದು ಸ್ವರ ಅದಾವು, ಒಂದು ತಗದರ ಯಾರಿಗೆ ತಿಳೀತೈತಿ ಅಂತ ತಗದನಂತ.

"ನಿ ಕೊಡಾಕ ನಂದೇನೂ ಅಡ್ಡಿ ಇಲ್ಲವಾ," ಅಂದ. "ಆದರ ಬಾಗಲಾ ಬಡಕೋತೈತಿ. ಒಂದು ಮೊಳಿ ತಗೊಂಡು ಬಾ."

ಅಂಗಡಿಯಾಗ ಮೊಳಿ ಸಿಗತಿರಲಿಲ್ಲೇನು ಅಂತ ಕೇಳಬ್ಯಾಡ್ರಿ. ಕತಿ ಹೇಳಾಕಿ ನಾನೋ, ನೀವೋ?

ಪೇಟಿ ಬೆನ್ನ ಮ್ಯಾಲ, ಮರಿ ಬೆನ್ನ ಹಿಂದ. ಬಾಳವ್ವ ನಡದ್ಲು. ಬೇವಿನ ಗಿಡದ ಕೆಳಗ ಪರಸಪ್ಪ ಕೂತಿದ್ದ. ಪರಸಪ್ಪ ಊರಿನ ಗಡ್ಡ ಬೋಳಸಾಂವ. ಗಿಡಕ್ಕ ಒಂದು ಮೊಳಿ, ಮೊಳಿಗೆ ಒಂದು ಕನ್ನಡಿ.

"ಪರಸಪ್ಪಣ್ಣಾ, ಮೊಳಿ ಕೊಡು. ಮೊಳಿ ಕೊಟ್ಟರ ನಿ, ನಿ ಕೊಟ್ಟರ ನಿದ್ದಿ."

ಪರಸಪ್ಪ ಮೊದಲು ಬಾಳವ್ವನ ಗಡ್ಡ ನೋಡಿದ. ಆಮ್ಯಾಲ ಮೊಳಿ ನೋಡಿದ. ನಂದೇನೂ ಅಡ್ಡಿ ಇಲ್ಲ ಅಂದ. ಆದರ ಮೊಳಿ ಕಿತ್ತರ ಕನ್ನಡಿ ಬೀಳತೈತಿ. ಕನ್ನಡಿ ಕಟ್ಟಾಕ ಒಂದು ಹಗ್ಗ ತಾ ಅಂದ.

ಪೇಟಿ ಬೆನ್ನ ಮ್ಯಾಲ, ಮರಿ ಬೆನ್ನ ಹಿಂದ. ಬಾಳವ್ವ ನಡದ್ಲು. ದಾರ್ಯಾಗ ಹೂವಿನ ರೇಣವ್ವ ಕೂತಿದ್ಲು. ಅಕೀ ತಲಿ ಮ್ಯಾಲ ದೊಡ್ಡ ಛತ್ರಿ. ಛತ್ರಿ ಹಾರಬಾರದಂತ ಗ್ವಾಡಿಗೆ ಹಗ್ಗ ಹಾಕಿ ಕಟ್ಟಿದ್ಲು.

"ರೇಣವ್ವಕ್ಕಾ, ಹಗ್ಗ ಕೊಡು. ಹಗ್ಗ ಕೊಟ್ಟರ ಮೊಳಿ, ಮೊಳಿ ಕೊಟ್ಟರ ನಿ, ನಿ ಕೊಟ್ಟರ ನಿದ್ದಿ."

ಬಾಳವ್ವನ ಸಂಕಟ ಕೇಳಿ ರೇಣವ್ವ ಅಯ್ಯ ಪಾಪ ಅಂದ್ಲು. ಅಯ್ಯ ಪಾಪ ಅನ್ನಾಕ ಏನೂ ಬೇಕಾಗಂಗಿಲ್ಲ ನೋಡ್ರಿ. ನಂದೇನೂ ಅಡ್ಡಿ ಇಲ್ಲ ಅಂದ್ಲು. ಆದರ ಹಗ್ಗ ಬಿಚ್ಚಿದರ ಛತ್ರಿ ಹಾರತೈತಿ. ಛತ್ರಿಗೆ ಆಸರ ಕೊಡಾಕ ಒಂದು ಕೋಲು ತಾ ಅಂದ್ಲು. ಮಾತಾಡಕೋತನ ಮರೀ ಬಾಯಿಂದ ಒಂದು ಸೇವಂತಿಗಿ ಕಸಗೊಂಡ್ಲು.

ಪೇಟಿ ಬೆನ್ನ ಮ್ಯಾಲ, ಮರಿ ಬೆನ್ನ ಹಿಂದ. ಬಾಳವ್ವ ನಡದ್ಲು. ಮುಂದ ಮಕ್ತುಮಸಾಬನ ಚಾದಂಗಡಿ. ಅಂಗಡಿ ಮುಂದ ಕೂಡೋ ಬಾಕು. ಬಾಕಿಗೆ ಮೂರು ಕಾಲು. ನಾಕನೇದು ಕೋಲು.

"ಮಕ್ತುಮ್ ಕಾಕಾ, ಕೋಲು ಕೊಡ್ರಿ. ಕೋಲು ಕೊಟ್ಟರ ಹಗ್ಗ, ಹಗ್ಗ ಕೊಟ್ಟರ ಮೊಳಿ, ಮೊಳಿ ಕೊಟ್ಟರ ನಿ, ನಿ ಕೊಟ್ಟರ ನಿದ್ದಿ."

ಬಾಕಿನ ಮ್ಯಾಲ ನಾಕು ಮಂದಿ ದೊಡ್ಡವರು ಕೂತಿದ್ರು. ಕತಿ ಎಲ್ಲಾ ಕೇಳಿ, ಪೇಟಿ ನೋಡದ ತಗೋಬಾರದಾಗಿತ್ತು ಅಂತ ನಾಕೂ ಮಂದಿ ಹೇಳಿದ್ರು. ತಾವಾಗಿದ್ರ ಹೆಂಗ ತಗೋತಿದ್ವಿ ಅಂತನೂ ಹೇಳಿದ್ರು. ಒಬ್ಬರೂ ಏಳಲಿಲ್ಲ.

ಮಕ್ತುಮಸಾಬ ಕೈ ಒರಸಿಕೊಂಡ. ನಂದೇನೂ ಅಡ್ಡಿ ಇಲ್ಲ ಅಂದ. ಆದರ ಕೋಲು ತಗದರ ಈ ನಾಕು ಮಂದಿ ಬೀಳತಾರ. ಬಾಕಿನ ಕೆಳಗ ಇಡಾಕ ಒಂದು ಕಲ್ಲು ತಾ ಅಂದ.

ಮರಿ ಈಗ ಅಳತಿರಲಿಲ್ಲ. ಅಳಾಕೂ ಶಕ್ತಿ ಇರಲಿಲ್ಲ. ಮಣಕಾಲು ಮಡಚತಿತ್ತು, ಕಣ್ಣು ಮಾತ್ರ ಮುಚ್ಚತಿರಲಿಲ್ಲ.

ಪೇಟಿ ಬೆನ್ನ ಮ್ಯಾಲ. ಈಗ ಮರೀನೂ ಬೆನ್ನ ಮ್ಯಾಲ. ಬಾಳವ್ವ ನಡದ್ಲು. ಊರ ಕಡೀ ಮನಿ ಮುಂದ ಕಾಶವ್ವ ಆಯಿ ಕೂತಿದ್ಲು. ಹಲ್ಲಿಲ್ಲದ ಮುದುಕಿ. ಕೂತದ್ದು ಒಂದು ಕಲ್ಲಿನ ಮ್ಯಾಲ.

"ಆಯೀ, ಕಲ್ಲು ಕೊಡು. ಕಲ್ಲು ಕೊಟ್ಟರ ಕೋಲು, ಕೋಲು ಕೊಟ್ಟರ ಹಗ್ಗ, ಹಗ್ಗ ಕೊಟ್ಟರ ಮೊಳಿ, ಮೊಳಿ ಕೊಟ್ಟರ ನಿ, ನಿ ಕೊಟ್ಟರ ನಿದ್ದಿ."

ಆಯಿ ಅಡ್ಡಿ ಇಲ್ಲ ಅನ್ನಲಿಲ್ಲ. "ಆದರ" ಅಂತನೂ ಅನ್ನಲಿಲ್ಲ. ಪೇಟಿ ಕತಿ ಎಲ್ಲಾ ಕೇಳಿಕೊಂಡು, ಗುರುಪಾದಪ್ಪ ಫೋನಿನಾಗ ಏನು ಬಾರಿಸಿದ್ದ ಅಂದ್ಲು.

"ಭೂಪ, ಆಯಿ."

"ಭೂಪದಾಗ ನಿ ಎಲ್ಲಿರತೈತಿ, ಹುಚ್ಚೀ? ಸ ರಿ ಗ ಪ ದ, ಅಷ್ಟೇ. ನಿ ಇಲ್ಲದ ರಾಗ ಹುಡುಕಿ ಬಾರಿಸ್ಯಾನ ಅವಾ."

ಆಯಿ ಪೇಟಿ ಇಳಸು ಅಂದ್ಲು. ಬಾರಿಸು ಅಂದ್ಲು.

ಸ ರಿ ಗ ಮ ಪ ದ... ಪುಸ್ ಅನ್ನೂದ್ರಾಗ ಆಯಿ ಬಾಯಿ ತಗದ್ಲು. ನಿ, ಅಂದ್ಲು. ಹಳೇ ಭಜನಿ ದನಿ. ಒಂದೀಟೂ ಅಲುಗಲಿಲ್ಲ.

ಮರಿ ಕಿವಿ ನಿಮಿರಸಿತು. ಆಯಿನ್ನ ನೋಡಿತು.

"ದಿನಾ ಬಂದು ನಿ ಅನ್ನಾಕ ನನಗ ಆಗಂಗಿಲ್ಲ, ಕೂಸ," ಅಂದ್ಲು ಆಯಿ. "ಕಲ್ಲು ತಗೊಂಡು ಹೋಗು."

ಆಯಿ ಎದ್ದು ನಿಂತ್ಲು. ಹನ್ನೆರಡು ವರ್ಷದಿಂದ ಕೂತ ಕಲ್ಲು. ಎದ್ದು ನೆಲದ ಮ್ಯಾಲ ಕೂತ್ಲು. ಅಷ್ಟೇ ನೋಡ್ರಿ. ಇಡೀ ಊರಾಗ ಎದ್ದಾಕಿ ಅಕೀ ಒಬ್ಬಾಕಿ.

ಈಗ ಬಾಳವ್ವ ಓಡಿದ್ಲು. ಕಲ್ಲು ಉರುಳಿಸಿಕೋತ ಓಡಿದ್ಲು.

ಆಯಿ ಕಲ್ಲು ಕೊಟ್ಲು. ಮಕ್ತುಮಸಾಬ ಕಲ್ಲು ತಗೊಂಡ, ಕೋಲು ಕೊಟ್ಟ. ರೇಣವ್ವ ಕೋಲು ತಗೊಂಡ್ಲು, ಹಗ್ಗ ಕೊಟ್ಲು. ಪರಸಪ್ಪ ಹಗ್ಗ ತಗೊಂಡ, ಮೊಳಿ ಕೊಟ್ಟ. ಗುರುಪಾದಪ್ಪ ಮೊಳಿ ತಗೊಂಡ, ಬಾಗಲದಾಗಿಂದ ನಿ ಕಿತ್ತ. ಬಾಗಲಾ ಧಡ್ ಅಂತು. ಅವಾ ಒಂದು ಕಾಲು ಅಡ್ಡ ಇಟ್ಟ, ನಿ ಪೇಟಿಯೊಳಗ ಕೂಡಿಸಿದ. ಚಲೋ ಆತು ತಗೋ ಅಂದ.

ಬಾಳವ್ವ ತಗೊಳ್ಳಲಿಲ್ಲ.

"ಭೂಪ ಬ್ಯಾಡಣ್ಣಾ. ಒಂದೊಂದೇ ಒತ್ತಿ ತೋರಿಸು. ಎಲ್ಲಾ."

ಗುರುಪಾದಪ್ಪನ ಮಾರಿ ಸಣ್ಣಾತು. ಒಂದೊಂದೇ ಒತ್ತಿದ.

ಸ ರಿ ಗ ಮ ಪ ದ ನಿ ಸ.

ಬಾಳವ್ವ ಅಲ್ಲೇ ಹೊಸ್ತಿಲ ಮ್ಯಾಲ ಕೂತ್ಲು. ಜೋಗುಳ ಬಾರಿಸಿದ್ಲು. ಕಡೀ ಸಾಲಿಗೆ ಬಂದ್ಲು. ಸ ರಿ ಗ ಮ ಪ ದ... ನಿ.

ಮರಿ ಮಲಗಿತು.

ಸ ಇನ್ನೂ ಬಾಕಿ ಇತ್ತು. ಬಾಳವ್ವ ಬಾರಿಸಲಿಲ್ಲ. ಮೆಲ್ಲಕ ಕೈ ತಗದ್ಲು.

ಗುರುಪಾದಪ್ಪನ ಒಂದು ಕೈಯಾಗ ಬಾಗಲಾ, ಒಂದು ಕೈಯಾಗ ಮೊಳಿ. ಸುತ್ತಿಗಿ ತರಲೇನವಾ, ಮೊಳಿ ಬಡೀಲೇನು ಅಂತ ಕೇಳಿದ.

ಬಾಳವ್ವ ಪಿಸುಗುಟ್ಟಿದ್ಲು.

"ನಂದೇನೂ ಅಡ್ಡಿ ಇಲ್ಲಣ್ಣಾ. ಆದರ ಮರಿ ಮಲಗೈತಿ."

ಬಾಗಲಾ ಬಿಟ್ಟರ ಧಡ್ ಅಂತೈತಿ. ಮೊಳಿ ಬಡದರ ಟಕ್ ಅಂತೈತಿ. ಗುರುಪಾದಪ್ಪ ಬಾಗಲಾ ಹಿಡಕೊಂಡು ನಿಂತ. ಮರಿ ಏಳೂತನಕ ನಿಂತ. ಮರೀಗೆ ಮೂರು ದಿನದ ನಿದ್ದಿ ಬಾಕಿ ಇತ್ತು.

ಯಾರರೆ ಹೂಂ ಅನ್ನವರು ಅದೀರೇನು? ಯಾರೂ ಇಲ್ಲ? ಅಡ್ಡಿ ಇಲ್ಲ.