ಈಚೆ ದಡದ ಮದ್ದಿನ ಮನೆ

ಹೊಳೆಯ ಆಚೆ ದಡದಲ್ಲಿ ಕರಡಿ, ಈಚೆ ದಡದಲ್ಲಿ ಮುಂಗುಸಿ ಕಾಡಿನವರಿಗೆ ಮದ್ದು ಕೊಡುತ್ತಿದ್ದವು. ಎರಡೂ ತಮ್ಮ ಮದ್ದಿನ ಮನೆಗಳನ್ನು ಒಂದಾಗಿಸಲು ಅಪ್ಪಣೆ ಕೇಳಿದಾಗ, ಕಾಡಿನ ಮೇಲ್ವಿಚಾರಣೆಯ ಆನೆ, "ಬೆಲೆ ಏರಿಸಕೂಡದು" ಎಂದಿತು. ಅವು ಒಪ್ಪಿದವು. ಆನೆ ನೆಮ್ಮದಿಯಿಂದ ತಲೆಯಾಡಿಸಿತು.

ಮಳೆಗಾಲದಲ್ಲಿ ಜ್ವರದ ಮರಿಯೊಡನೆ ಜಿಂಕೆಯೊಂದು ಬಂದು, "ಈಚೆ ದಡದ ಮದ್ದಿನ ಮನೆ ಮುಚ್ಚಿದ್ದಾರೆ, ಈಗ ಮದ್ದು ಆಚೆ ದಡದಲ್ಲಿ ಮಾತ್ರ" ಎಂದಿತು.

ಆನೆ ತಬ್ಬಿಬ್ಬಾಯಿತು. "ಬೆಲೆ ಏರಿತೇ?"

"ಇಲ್ಲ, ಒಡೆಯ."

"ಹಾಗಾದರೆ ಅವರು ಮಾತು ತಪ್ಪಿಲ್ಲವಲ್ಲ?"

"ತಪ್ಪಿಲ್ಲ. ಆದರೆ ನನ್ನ ಮರಿಗೆ ಈಜು ಬಾರದು."

ಯಾರನ್ನು ಗದರಬೇಕೋ ಆನೆಗೆ ತಿಳಿಯಲಿಲ್ಲ. ಮರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ತುಂಬಿದ ಹೊಳೆಗೆ ಇಳಿಯಿತು. ನಡುನೀರಿನಲ್ಲಿ ತಿರುಗಿ ನೋಡಿದರೆ, ಮೊಲ, ಮುಳ್ಳುಹಂದಿ, ಕುಂಟುವ ಕಡವೆ ಎಲ್ಲವೂ ತಮ್ಮ ಸರದಿಗೆ ಕಾಯುತ್ತ ದಡದಲ್ಲಿ ಸಾಲಾಗಿ ನಿಂತಿದ್ದವು.